ಒಗರು ಹೇಳಿಕೊಟ್ಟದ್ದು

ದೊಡ್ಡಬೆಳವಂಗಲದ ನಮ್ಮ ಮನೆಯ ಹಿಂದೆ ಮುಕ್ಕಾಲು ಎಕರೆ ‘ಬೆಂಗಳೂರು ನೀಲಿ’ ದ್ರಾಕ್ಷಿಯ ಚಪ್ಪರ ಇತ್ತು. ಅದರ ನೆರಳಲ್ಲೇ ಬೆಳೆದ ನಾನು ಮುಂದೆ ನಂದಿ ತಪ್ಪಲಿನ ಒಂದು ವೈನರಿಗೆ ಸೇರಿದೆ. ಮೊದಲು ಹಣ್ಣು ಆರಿಸುವ ಮೇಜು, ಆಮೇಲೆ ಪೀಪಾಯಿಗಳ ಕೋಣೆ, ಕೊನೆಗೆ ರುಚಿ ನೋಡುವ ಮೇಜು, ಹೀಗೆ ಹನ್ನೊಂದು ವರ್ಷ. ನಮ್ಮ ತಾಲ್ಲೂಕಿಗೂ ಫ್ರಾನ್ಸಿಗೂ ನಂಟು ಹೊಸದಲ್ಲ. ಕನ್ವಲ್ ಗ್ರೋವರ್ ಅವರು 1980ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಫ್ರೆಂಚ್ ತಳಿಗಳ ಬಳ್ಳಿ ನೆಡಿಸಿದರು. 1990ರ ದಶಕದಲ್ಲಿ ಬೋರ್ಡೊದ ವೈನ್ ತಜ್ಞ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ, ಶಿರಾಜ್ ಅನ್ನುವ ಹೆಸರುಗಳು ನಮ್ಮ ಕಡೆಯ ಕೂಲಿಯವರ ಬಾಯಲ್ಲೂ ಸಲೀಸಾಗಿ ಆಡತೊಡಗಿದ್ದು ಹಾಗೆ.

2020ರ ಜನವರಿಯಲ್ಲಿ ಫ್ರಾನ್ಸಿನಿಂದ ಬಂದ ಅತಿಥಿಯೊಬ್ಬರು ನನಗೆ ಎರಡು ಬಾಟಲಿ ಕೊಟ್ಟು ಹೋದರು. ಬೋರ್ಡೊ ಸೀಮೆಯ ಪೋಯಾಕ್ ಊರಿನದು, 2016ರ ಕೊಯ್ಲು. ಒಂದನ್ನು ಮನೆಯಲ್ಲೇ ತೆರೆದು ಮೂರು ಸಂಜೆ ರುಚಿ ನೋಡಿದೆ. ಹನ್ನೊಂದು ವರ್ಷದಲ್ಲಿ ಕಲಿತದ್ದೆಲ್ಲ ಆ ಮೂರು ಸಂಜೆಯಲ್ಲಿ ಒಟ್ಟಿಗೆ ಕೂಡಿಬಂತು.

1. ಕಹಿ ಬೇರೆ, ಒಗರು ಬೇರೆ.

ಮೊದಲ ವರ್ಷ ಎಳೆಯ ಕೆಂಪು ವೈನ್ ಬಾಯಿಗೆ ಬಿದ್ದಾಗಲೆಲ್ಲ ಪುಸ್ತಕದಲ್ಲಿ ‘ಕಹಿ’ ಎಂದೇ ಬರೆಯುತ್ತಿದ್ದೆ. ಕಲಿಸುವವರು ‘ಟ್ಯಾನಿನ್’ ಅನ್ನುತ್ತಿದ್ದರು. ಆ ಪದ ಕಿವಿಗೆ ಬೀಳುತ್ತಿತ್ತು, ನಾಲಿಗೆಗೆ ಇಳಿಯುತ್ತಿರಲಿಲ್ಲ. ಒಂದು ಜೂನ್ ತಿಂಗಳಲ್ಲಿ ಕೆರೆ ಏರಿಯ ಮರದಿಂದ ಉದುರಿದ ನೇರಳೆ ಹಣ್ಣು ತಿಂದು ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿದೆ. ಥಟ್ಟನೆ ಹೊಳೆಯಿತು. ಅವರು ಹೇಳುತ್ತಿದ್ದದ್ದು ಒಗರು!

ಕಹಿ ನಾಲಿಗೆಗೆ ತಿಳಿಯುವ ರುಚಿ. ಒಗರು ಹಾಗಲ್ಲ, ಮುಟ್ಟಿದಂತೆ ತಿಳಿಯುವಂಥದ್ದು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಬರುವ ಒಗರಿನ ಅಂಶ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ; ಬಾಯಿಯ ಜಾರು ಹೋಗಿ ಒಳಗೆಲ್ಲ ಒಣಗಿ ಬಿಗಿದಂತಾಗುತ್ತದೆ. ಇದಕ್ಕೆ ನಮ್ಮಲ್ಲಿ ಒಂದಲ್ಲ, ಹತ್ತಾರು ಅಳತೆಗೋಲುಗಳಿವೆ. ನೇರಳೆಯ ಒಗರು ತೆಳು, ಬೇಗ ಬಿಡುತ್ತದೆ. ಬಾಳೆಕಾಯಿಯದು ದಪ್ಪ, ಹಲ್ಲಿಗೂ ಮೆತ್ತುತ್ತದೆ. ಸೀಬೆಕಾಯಿಯದು ತರಿತರಿ. ಎಳೆ ಅಡಿಕೆಯದು ಕೆನ್ನೆಯನ್ನು ಒಳಕ್ಕೆ ಎಳೆಯುತ್ತದೆ. ಎಳೆ ವೈನಿನ ಗುಣ ಅಳೆಯುವಾಗ ಒಗರು ಎಷ್ಟಿದೆ ಅನ್ನುವುದಕ್ಕಿಂತ ಯಾವ ಜಾತಿಯದು ಅನ್ನುವುದೇ ಮುಖ್ಯ.

ಪೋಯಾಕ್ ಬಾಟಲಿ ತೆರೆದ ಮೊದಲ ಸಂಜೆ ಅಪ್ಪನಿಗೆ ಎರಡು ಗುಟುಕು ಕೊಟ್ಟೆ. ಅವರು ಅದುವರೆಗೆ ವೈನ್ ಕುಡಿದವರಲ್ಲ. ದ್ರಾಕ್ಷಿ ಗೊನೆಯನ್ನು ಮಾತ್ರ ಐವತ್ತು ವರ್ಷ ಅಗಿದು ನೋಡಿದವರು. ಬಾಯಲ್ಲಿ ಅತ್ತಿತ್ತ ಹೊರಳಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಗರೈತೆ ಕಣಪ್ಪ, ಆದ್ರೆ ಗಂಟಲು ಹಿಡಿಯಲ್ಲ” ಅಂದರು. ಒಳ್ಳೆಯ ಎಳೆ ಬೋರ್ಡೊ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ತುಂಬ ಒಗರಿದ್ದೂ ಒರಟಾಗದೆ, ನುಣ್ಣನೆಯ ಮಣ್ಣು ಮೆತ್ತಿದಂತೆ ಬಾಯಿ ತುಂಬ ಸಮನಾಗಿ ಹರಡಿಕೊಳ್ಳುವುದು, ಅದು ಮಾಗಿದ ಹಣ್ಣಿನ ಒಗರು.

2. ವೈನ್ ಕಲಿಯಬೇಕಾದರೆ ಬೀಜ ಅಗಿಯಿರಿ.

ಹಣ್ಣು ಸಿಹಿಯಾದ ಮಾತ್ರಕ್ಕೆ ಮಾಗಿದಂತಲ್ಲ. ಕೊಯ್ಲಿಗೆ ಮುಂಚೆ ಸಾಲಿನಲ್ಲಿ ನಡೆಯುತ್ತ ಹಣ್ಣು ಬಾಯಿಗೆ ಹಾಕಿ, ತಿರುಳು ನುಂಗಿ, ಬೀಜವನ್ನು ಹಲ್ಲಿಗೆ ಸಿಕ್ಕಿಸಬೇಕು. ಹಸಿರಾಗಿದ್ದರೆ ಕಹಿ, ಬಾಯಿ ಕೆರೆಯುತ್ತದೆ. ಕಂದು ಬಂದಿದ್ದರೆ ಹುರಿದ ಕಡಲೆಬೀಜದಂತೆ ಕಟಕ್ಕೆಂದು ಮುರಿಯುತ್ತದೆ. ಇದನ್ನು ಒಂದು ಸುಗ್ಗಿ ಪೂರ್ತಿ ಮಾಡಿದವರಿಗೆ ಗ್ಲಾಸಿನಲ್ಲಿರುವ ಒಗರು ಕಾಯಿಯದೋ ಹಣ್ಣಿನದೋ ಎಂದು ಯಾರೂ ಹೇಳಿಕೊಡಬೇಕಿಲ್ಲ.

3. ಹುಳಿಯ ಜೊತೆ ಒಗರನ್ನು ತೂಗಿ.

ದ್ರಾಕ್ಷಿಯಲ್ಲಿರುವ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನಲ್ಲಿರುವುದೂ ಅದೇ. ಇದು ತಿಳಿದ ದಿನ ನನಗೆ ಸಾರಿನ ಪಾತ್ರೆಯೂ ವೈನಿನ ತೊಟ್ಟಿಯೂ ಒಂದೇ ಮನೆಯವು ಅನ್ನಿಸಿತು. ನಮ್ಮ ಕಡೆ ಫೆಬ್ರವರಿ–ಮಾರ್ಚ್ ಬಿಸಿಲಿಗೆ ಹಣ್ಣಿನ ಹುಳಿ ಬೇಗ ಇಳಿದುಬಿಡುತ್ತದೆ, ಎಷ್ಟೋ ಸಲ ಆ ಆಮ್ಲವನ್ನು ಹೊರಗಿನಿಂದ ಸೇರಿಸಬೇಕಾಗುತ್ತದೆ. ಬೋರ್ಡೊ ಇರುವುದು ಸುಮಾರು 45 ಡಿಗ್ರಿ ಅಕ್ಷಾಂಶದಲ್ಲಿ, ನಾವು 13ರಲ್ಲಿ. ಅಲ್ಲಿ ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ರಾತ್ರಿಗಳು ತಣ್ಣಗಾಗುವ ಕಾಲದಲ್ಲಿ. ಹುಳಿ ಹಣ್ಣಿನಲ್ಲೇ ಉಳಿಯುತ್ತದೆ.

ಒಗರು ಬಾಯಿ ಒಣಗಿಸುತ್ತದೆ, ಹುಳಿ ನೀರೂರಿಸುತ್ತದೆ. ಗುಟುಕು ಇಳಿದ ಮೇಲೆ ಕೆನ್ನೆಯ ಒಳಬದಿಯನ್ನು ಗಮನಿಸಿ: ಒಣಗಿದ ಜಾಗಕ್ಕೆ ಮತ್ತೆ ನೀರು ಬಂದರೆ ಆ ವೈನಿಗೆ ಮುಂದೆ ಬಾಳುವ ಶಕ್ತಿ ಇದೆ. ಒಣಗಿದ್ದು ಒಣಗಿಯೇ ಉಳಿದರೆ ವರ್ಷಗಳು ಕಳೆದರೂ ಅದು ಸುಧಾರಿಸುವುದು ಕಷ್ಟ.

4. ‘ರೂಮ್ ಟೆಂಪರೇಚರ್’ ಅನ್ನುವ ಮಾತನ್ನು ನಂಬಬೇಡಿ.

ಅದು ಯೂರೋಪಿನ ಹಳೆಯ ಚಳಿಮನೆಗಳ ಕೋಣೆ, 16ರಿಂದ 18 ಡಿಗ್ರಿ. ನಮ್ಮ ಹೆಂಚಿನ ಮನೆಯದಲ್ಲ. ಏಪ್ರಿಲ್‌ನಲ್ಲಿ ಮೇಜಿನ ಮೇಲಿಟ್ಟ ಬಾಟಲಿಯಿಂದ ಮದ್ಯದ ಘಾಟು ಮೊದಲು ಏಳುತ್ತದೆ, ಹಣ್ಣು ಅದರ ಹಿಂದೆ ಅಡಗುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಹೆಚ್ಚು ತಣ್ಣಗೆ ಮಾಡಿದರೆ ಒಗರು ಗಡುಸಾಗುತ್ತದೆ. ಒಮ್ಮೆ ಒಳ್ಳೆಯ ಬಾಟಲಿಯೊಂದನ್ನು ದಾಬಸ್‌ಪೇಟೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾರಿನಲ್ಲಿ ಬಿಟ್ಟಿದ್ದೆ. ತೆರೆದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಯಾರದೋ ವರ್ಷದ ದುಡಿಮೆಯನ್ನು ಎರಡು ಗಂಟೆಯಲ್ಲಿ ಹಾಳುಮಾಡಿದ ಸಂಕಟ ಇನ್ನೂ ಹೋಗಿಲ್ಲ.

5. ಗ್ಲಾಸ್ ತೊಳೆಯುವ ನೀರನ್ನು ನೋಡಿ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಗ್ಲಾಸ್ ಒಣಗಿದರೆ ಬಿಳಿ ಕಲೆ, ಮೂಗಿಗೆ ಸುಣ್ಣದ ವಾಸನೆ. ಕೊನೆಗೊಮ್ಮೆ ಕುಡಿಯುವ ನೀರಲ್ಲಿ ಜಾಲಿಸಿ, ಸೋಪಿನ ವಾಸನೆಯಿಲ್ಲದ ಹತ್ತಿ ಬಟ್ಟೆಯಲ್ಲಿ ಒರೆಸಿಡುತ್ತೇನೆ. ಪೋಯಾಕ್ ತೆರೆದ ಸಂಜೆ ಗ್ಲಾಸಿನ ತಳದಲ್ಲಿ ಉಳಿದ ಹನಿಗೆ ನಲ್ಲಿ ನೀರು ಬಿಟ್ಟಾಗ ನೇರಳೆ ಕೆಂಪು ಒಮ್ಮೆಗೇ ಬೂದಿನೀಲಿಗೆ ತಿರುಗಿತು. ಅತ್ತಿಗೆ “ಇದಕ್ಕೆ ಬಣ್ಣ ಬೆರೆಸವ್ರೆ” ಅಂದರು. ಬೆರೆಸಿಲ್ಲ ಅತ್ತಿಗೆ, ದ್ರಾಕ್ಷಿ ಸಿಪ್ಪೆಯ ಬಣ್ಣದ ಗುಣವೇ ಅದು. ಹುಳಿಯಲ್ಲಿ ಕೆಂಪು, ನಮ್ಮ ನೀರಿನಂಥ ಕ್ಷಾರದಲ್ಲಿ ನೀಲಿ. ನಮ್ಮ ಚಪ್ಪರದ ಹಣ್ಣಿನ ರಸಕ್ಕೂ ಹಾಗೇ ಆಗುತ್ತದೆ ಎಂದು ಮಾಡಿ ತೋರಿಸಿದೆ.

ಎಳೆತನ ಕಣ್ಣಿಗೆ ಕಾಣುವುದೂ ಈ ಬಣ್ಣದಲ್ಲೇ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚು ನೋಡಿದರೆ ಎಳೆಯದಕ್ಕೆ ನೇರಳೆ ಹಣ್ಣಿನ ಬಣ್ಣ. ವಯಸ್ಸಾದಂತೆ ಅಂಚು ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಬಣ್ಣ ಮತ್ತು ಒಗರು ಒಂದಕ್ಕೊಂದು ಕೂಡಿಕೊಂಡು ತೂಕವಾಗಿ ತಳಕ್ಕೆ ಗಸಿಯಾಗಿ ಇಳಿಯುವುದೂ ಹಳೆಯ ವೈನ್ ಮೆದುವಾಗಲು ಒಂದು ಕಾರಣ.

6. ಎಳೆಯದರಲ್ಲಿ ಎರಡು ಜಾತಿ.

ಫ್ರಾನ್ಸಿನ ಬೋಜೊಲೆ ನೂವೊ ಎಂಬ ವೈನ್ ನವೆಂಬರ್ ಮೂರನೇ ಗುರುವಾರ ಮಾರುಕಟ್ಟೆಗೆ ಬರುತ್ತದೆ, ಅದೇ ವರ್ಷದ ಹಣ್ಣಿನದು. ಹೊಸದರಲ್ಲೇ ಕುಡಿಯಲೆಂದು ಮಾಡಿದ್ದು, ಒಗರು ಕಡಿಮೆ. ಬೋರ್ಡೊ ಹಾಗಲ್ಲ. ಅಲ್ಲಿ ಕೊಯ್ಲಾದ ಮರುವರ್ಷದ ವಸಂತದಲ್ಲಿ ವ್ಯಾಪಾರಿಗಳು 225 ಲೀಟರ್ ಪೀಪಾಯಿಯಿಂದ ತೆಗೆದ, ಇನ್ನೂ ಬಾಟಲಿ ಕಾಣದ ಆರು ತಿಂಗಳ ಕೂಸನ್ನು ರುಚಿ ನೋಡಿ ಬೆಲೆ ಕಟ್ಟುತ್ತಾರೆ. ಅವರು ಈಗಿನ ಸವಿಯನ್ನು ಹುಡುಕುವುದಿಲ್ಲ, ಕಟ್ಟಡದ ಪಾಯ ನೋಡುತ್ತಾರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಎರಡಕ್ಕೂ ಅನ್ಯಾಯ.

7. ಉಗಿಯಲು ಕಲಿಯಿರಿ.

ಬಾಯಿಗೆ ಬಂದದ್ದನ್ನು ಉಗಿಯಬಾರದು ಎಂದು ಅವ್ವ ಬೆಳೆಸಿದ್ದಳು. ಆದರೂ ಬೆಳಿಗ್ಗೆ ಇಪ್ಪತ್ತು ಮಾದರಿ ನೋಡುವವನು ನುಂಗಿದರೆ ಆರನೆಯದಕ್ಕೇ ತೀರ್ಪು ಕೆಡುತ್ತದೆ. ನಡುನಡುವೆ ನೀರು, ಖಾಲಿ ಬ್ರೆಡ್. ರುಚಿ ನೋಡುವ ಹಿಂದಿನ ಒಂದು ಗಂಟೆ ಎಲೆ ಅಡಿಕೆ ಬೇಡ.

8. ಒಂದೇ ಬಾಟಲಿಗೆ ಮೂರು ಸಂಜೆ ಕೊಡಿ, ನಿಮ್ಮ ಮಾತಿನಲ್ಲೇ ಬರೆದಿಡಿ.

ಪುಸ್ತಕಗಳು ‘ಬ್ಲ್ಯಾಕ್‌ಕರಂಟ್, ಸೀಡರ್’ ಅನ್ನುತ್ತವೆ. ಆ ಹಣ್ಣನ್ನು ನಾನು ಐಸ್‌ಕ್ರೀಮಿನಲ್ಲಿ ಬಿಟ್ಟರೆ ಕಂಡವನಲ್ಲ. ನನ್ನ ಪುಸ್ತಕದಲ್ಲಿರುವುದು ಇಷ್ಟು:

ಮೊದಲ ಸಂಜೆ: ಮೂಗಿಗೆ ಏನೂ ಕೊಡುತ್ತಿಲ್ಲ. ಮುಷ್ಟಿ ಬಿಗಿದಂತಿದೆ. ಒಗರು, ಹುಳಿ, ದೂರದಲ್ಲಿ ನೇರಳೆ.
ಎರಡನೇ ಸಂಜೆ: ಪೆನ್ಸಿಲ್ ಚೂಪು ಮಾಡಿದಾಗ ಉದುರುವ ಚೆಕ್ಕೆಯ ವಾಸನೆ. ಕಳಿತ ನೇರಳೆ. ಮೊದಲ ಮಳೆ ಬಿದ್ದ ಕೆಂಪು ಮಣ್ಣು. ಒಗರು ಇದೆ, ನಯವಾಗಿದೆ.
ಮೂರನೇ ಸಂಜೆ: ಹೊಗೆಸೊಪ್ಪು. ನುಂಗಿದ ಮೇಲೂ ಬಹಳ ಹೊತ್ತು ಉಳಿಯುತ್ತದೆ.

ತೆರೆದ ಬಾಟಲಿಗೆ ಗಾಳಿ ತಾಗಿ ಎರಡು ದಿನದಲ್ಲಿ ಆಗುವುದು ವಯಸ್ಸಾಗುವಿಕೆಯಲ್ಲ. ಆದರೆ ಎರಡು ದಿನ ಗಾಳಿಗೆ ಸೋಲದೆ ಅರಳಿದ ವೈನ್ ವರ್ಷಗಟ್ಟಲೆ ಬಾಳೀತು ಎಂಬ ಸುಳಿವು ಅಲ್ಲಿ ಸಿಗುತ್ತದೆ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಮಾತ್ರ ಕಾಯಬೇಡಿ. ಅದು ಕಾರ್ಕ್ ಕೆಟ್ಟದ್ದು, ಎಷ್ಟು ಕಾದರೂ ಹೋಗುವುದಿಲ್ಲ.

9. ಕೊನೆಯ ತೀರ್ಪು ಊಟದ ಜೊತೆ.

ಖಾರ ಹೆಚ್ಚಾದರೆ ಒಗರೂ ಮದ್ಯದ ಉರಿಯೂ ಕೆರಳುತ್ತವೆ. ಪ್ರೋಟೀನೂ ಕೊಬ್ಬೂ ಇದ್ದರೆ ಒಗರು ನಾಲಿಗೆಯನ್ನು ಬಿಟ್ಟು ಅವುಗಳಿಗೆ ಅಂಟಿಕೊಳ್ಳುತ್ತದೆ. ಮೆಣಸಿನಕಾಯಿ ಇಳಿಸಿ, ಕಾಳುಮೆಣಸು ಹಾಕಿ ಮಾಡಿದ ಕುರಿಮಾಂಸದ ಸಾರು, ಮುದ್ದೆ. ಇದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ. ಮೂರನೇ ಸಂಜೆ ಶನಿವಾರ, ಮಾಂಸ ಇರಲಿಲ್ಲ, ಅವರೆಕಾಯಿ ಕಾಲ. ಅತ್ತಿಗೆ ತೆಂಗಿನಕಾಯಿ ಹೆಚ್ಚು ಹಾಕಿ ಹಿತಕಿದ ಬೇಳೆ ಸಾರು ಮಾಡಿದ್ದರು. ಒಂದು ತುತ್ತು, ಒಂದು ಗುಟುಕು. ಮೊದಲ ದಿನ ಬಿಗಿದಿದ್ದ ಒಗರು ಬೇಳೆಯ ಮೇಲೆ ಕರಗಿಹೋಯಿತು.

ಅಪ್ಪ ತಟ್ಟೆ ಸರಿಸಿ, “ಇನ್ನೊಂದು ಐತಲ್ಲ, ಅದನ್ನ ಯಾವಾಗ ತೆಗೀತೀಯ?” ಅಂದರು. ಹತ್ತು ವರ್ಷವಾದರೂ ಬಿಡಬೇಕು ಅಂದೆ. ಒಳಗೆ ಹೋಗಿ ಕ್ರೇಟುಗಳ ಮೇಲೆ ಗುರುತು ಹಾಕುವ ಪೆನ್ನು ತಂದರು. ಬಾಟಲಿಗೆ ಸುತ್ತಿದ್ದ ಕಾಗದದ ಮೇಲೆ ತಾವೇ 2030 ಎಂದು ಬರೆದು, ಕೆಳಗೊಂದು ಗೆರೆ ಎಳೆದರು.