ಗಾಡಿಯನ್ನು ಕಂಪನಿ ಮರಳಿ ಕರೆದಾಗ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡವರು ಅನೇಕರಿದ್ದಾರೆ. ಈ ಪಾಠ ಮುಖ್ಯವಾಗಿ ಅವರಿಗೆ.

ಗಾಲಿಯನ್ನು ಗಾಡಿಯ ಮೈಗೆ ಹಿಡಿದಿಟ್ಟು, ಹೊಂಡ ದಿಣ್ಣೆಗಳ ಪೆಟ್ಟನ್ನು ತಾಳಿಕೊಳ್ಳುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಆರ್ಮು ಮುಂತಾದವುಗಳಿಗೆ ಒಟ್ಟಾಗಿ ಸಸ್ಪೆನ್ಷನ್ ಎನ್ನುತ್ತಾರೆ. 2018ರಲ್ಲಿ ಫೋರ್ಡ್ ಕಂಪನಿಯು ಚೆನ್ನೈ ಕಾರ್ಖಾನೆಯಲ್ಲಿ 2017ರ ಮೇ-ಜೂನ್ ತಿಂಗಳಲ್ಲಿ ತಯಾರಾದ 4,379 ಇಕೋಸ್ಪೋರ್ಟ್ ಕಾರುಗಳನ್ನು ತಪಾಸಣೆಗೆ ಕರೆಯಿತು. ಮುಂಗಾಲಿಯ ಲೋವರ್ ಆರ್ಮಿನ ಬೆಸುಗೆ ಸಾಲದೆಂಬ ಶಂಕೆ. ಅದು ಬಿಟ್ಟರೆ ಸ್ಟಿಯರಿಂಗಿನ ಹಿಡಿತ ತಪ್ಪೀತು. ನಮ್ಮ ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಗಳು ಗಾಡಿಗಳನ್ನು ಪರೀಕ್ಷಿಸುತ್ತವೆಯಲ್ಲ ಎಂದು ಕೇಳಬಹುದು. ಅಲ್ಲಿ ಪರೀಕ್ಷೆಯಾಗುವುದು ಮಾದರಿ ಗಾಡಿ. ಗಿರಣಿಯಲ್ಲಿ ನಮೂನೆ ಪಾಸಾದ ಮೇಲೂ ಒಂದು ಪಾಳಿಯ ಬಟ್ಟೆ ಕೆಡುವುದಿಲ್ಲವೇ?

ತೊಡಕೆಂದರೆ, ಕಂಪನಿಯ ಕಾಗದ ಅದರ ದಫ್ತರದಲ್ಲಿರುವ ಹೆಸರಿಗೆ, ಬಹುಮಟ್ಟಿಗೆ ಮೊದಲ ಮಾಲೀಕನಿಗೆ, ಹೋಗುತ್ತದೆ. ಅವನು ಗಾಡಿ ಮಾರಿದ್ದರೆ ನಿಮಗೆ ಸುದ್ದಿಯೇ ಮುಟ್ಟದು. ಆದುದರಿಂದ ಆರ್.ಸಿ.ಯಲ್ಲಿರುವ ಚಾಸಿಸ್ ನಂಬರನ್ನು ಬರೆದುಕೊಂಡು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ರಿಕಾಲಿನ ದುರಸ್ತಿಗೆ ನೀವು ಹಣ ತೆರಬೇಕಿಲ್ಲ.

ಮೊದಲು ಇದೆಲ್ಲ ಕಂಪನಿಗಳ ಇಚ್ಛೆಗೆ ಬಿಟ್ಟ ಮಾತಾಗಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 110-ಎ ಕಲಮು ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಏಳು ವರ್ಷ ತುಂಬದ ಗಾಡಿಯ ದೋಷವನ್ನು ಮಾಲೀಕನು ಸರಕಾರದ ವಾಹನ್ ಪೋರ್ಟಲ್‌ನಲ್ಲಿ ದೂರಬಹುದು. ಒಂದೇ ಬಗೆಯ ದೂರುಗಳು ಸಾಕಷ್ಟು ಕೂಡಿದರೆ ಸರಕಾರವೇ ರಿಕಾಲಿಗೆ ಆಜ್ಞೆ ಮಾಡಬಹುದು. ದೂರು ಬರೆಯಲು ತೊಡಕಾದವರು ಸಂಜೆ ಆರ್.ಸಿ. ತಂದರೆ ನಾವು ಬರೆದುಕೊಡುತ್ತೇವೆ.