ಭಾನುವಾರದ ಬಿಡುವು

ವಾರವೆಂಬ ಕಾಲಗಣನೆ ಬಹು ಹಳೆಯದು; ವಾರಕ್ಕೊಂದು ದಿನ ಬಿಡುವೆಂಬ ಹಕ್ಕು ಮಾತ್ರ ಈಚಿನದು. ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರಿಗೆ ಒಂದು ಕಾಲದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಕೆಲಸವಿತ್ತು. ವಾರದ ರಜೆಯೆಂಬುದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು ಆ ಕಾರ್ಮಿಕರನ್ನು ಒಗ್ಗೂಡಿಸಿ, ವರ್ಷಗಳ ಕಾಲ ಮನವಿಗಳನ್ನು ಸಲ್ಲಿಸಿ ಹೋರಾಡಿದರು. ಅದರ ಫಲವಾಗಿ 1890ನೆಯ ಇಸವಿಯ ಜೂನ್ 10ರಂದು ಭಾನುವಾರದ ರಜೆಯನ್ನು ಗಿರಣಿಯ ಮಾಲೀಕರು ಒಪ್ಪಿಕೊಂಡರು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೊಂದು ರಜೆಯನ್ನು ಕಡ್ಡಾಯಗೊಳಿಸಿತು. ಇಂದು ಶಾಲೆಯ ಬಾಲಕನು ಯಾವ ಪ್ರಯತ್ನವೂ ಇಲ್ಲದೆ ಪಡೆಯುವ ಭಾನುವಾರವು, ಹಿಂದಿನವರು ಹೋರಾಡಿ ಗಳಿಸಿಕೊಟ್ಟ ಆಸ್ತಿ.

ಹಳ್ಳಿಯ ಬದುಕಿನಲ್ಲಿ ಬಿಡುವಿನ ಲೆಕ್ಕವೇ ಬೇರೆ. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಅದು ಬಸವನ ವಾರ. ಮನುಷ್ಯನು ತನಗೆ ರಜೆ ಬೇಕೆಂದು ಕೇಳುವುದಕ್ಕೆ ಮೊದಲೇ ತನ್ನೊಡನೆ ದುಡಿಯುವ ಮೂಕಪ್ರಾಣಿಗೆ ರಜೆ ಕೊಟ್ಟಿದ್ದನೆಂಬುದು ನೆನೆಯತಕ್ಕ ಸಂಗತಿ.

ಕನಕಪುರ ತಾಲ್ಲೂಕಿನ ಹೋಬಳಿಗಳಲ್ಲಿ ಕೋಡಿಹಳ್ಳಿಯೂ ಒಂದು. ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂದಿತು. ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮವೂ ಮೇಕೆದಾಟುವೂ ಇದೇ ತಾಲ್ಲೂಕಿನಲ್ಲಿವೆ. ರಾಗಿಯ ಹೊಲ, ತೆಂಗಿನ ತೋಟ, ಹಿಪ್ಪುನೇರಳೆಯ ಸಾಲು ಇವು ಈ ಸೀಮೆಯ ಸಾಮಾನ್ಯ ನೋಟ. ಇಲ್ಲಿಯ ರೈತನಿಗೆ ಭಾನುವಾರವನ್ನು ಗೊತ್ತುಮಾಡುವುದು ಗೋಡೆಯ ಪಂಚಾಂಗವಲ್ಲ, ರೇಷ್ಮೆಯ ಹುಳು.

ರೇಷ್ಮೆಹುಳುವಿನ ಆಯುಸ್ಸು ಮೊಟ್ಟೆಯೊಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ಹುಳು ತಲೆಯೆತ್ತಿ ಅಲ್ಲಾಡದೆ ಕುಳಿತಿರುತ್ತದೆ; ಸೊಪ್ಪು ಮುಟ್ಟುವುದಿಲ್ಲ. ಸಾಕುವವರು ಇದನ್ನು ‘ಜ್ವರ’ ಎನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತ ನಾಲ್ಕನೆಯದು ಕಳೆದರೆ ಹುಳುವಿನ ಹಸಿವು ಮೇರೆ ಮೀರುತ್ತದೆ. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಈ ಕೊನೆಯ ಹಂತದ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಆಗ ಮನೆಮಂದಿಗೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು ಇವಿಷ್ಟೇ ಕೆಲಸ. ಭಾನುವಾರವಾದರೂ ಹಬ್ಬವಾದರೂ ಹಸಿದ ಹುಳುವಿಗೆ ಸಮಾಧಾನ ಹೇಳಲಾಗುವುದಿಲ್ಲ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮೇಲೆಯೇ ಮನೆಯವರಿಗೆ ಬೆನ್ನು ನೆಟ್ಟಗಾಗುವುದು. ಹೀಗೆ ಹುಳು ಜ್ವರಕ್ಕೆ ಕುಳಿತ ದಿನ ಸಾಕುವವರಿಗೆ ಅರೆಬಿಡುವು; ಗೂಡು ರಾಮನಗರದ ಮಾರುಕಟ್ಟೆ ಸೇರಿದ ದಿನ ತುಂಬುಬಿಡುವು.

ಈ ಬಿಡುವನ್ನು ಹಳ್ಳಿಯ ಮನೆ ಹೇಗೆ ಬಳಸುತ್ತದೆ? ಮೊದಲನೆಯದಾಗಿ ಹಿತ್ತಿಲನ್ನು ನೋಡಬೇಕು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗು ನಾಡಿನ ತೋಟಗಾರಿಕೆಗೆ ಹೆಮ್ಮೆಯ ಹೆಸರು ತಂದಿತು. ಅಲ್ಲಿಯ ಗಾಜಿನ ಮನೆಯಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಾಣಲು ದೂರದೂರದಿಂದ ಜನ ಬರುತ್ತಾರೆ. ಆದರೆ ಹಿತ್ತಿಲು ಪ್ರದರ್ಶನಕ್ಕಲ್ಲ, ಊಟಕ್ಕೆ. ಬಚ್ಚಲ ನೀರು ಹರಿದುಹೋಗುವಲ್ಲಿ ಬಾಳೆ. ಬಾವಿಕಟ್ಟೆಯ ಮಗ್ಗುಲಲ್ಲಿ ಕರಿಬೇವು. ಬೇಲಿಗೆ ಹಬ್ಬಿದ ಬಸಳೆ. ಗೂಟ ನೆಟ್ಟು ಹಂಬು ಬಿಟ್ಟ ಚಪ್ಪರದವರೆ. ಕೊಂಬೆ ಕಡಿದು ನೆಟ್ಟರೂ ಚಿಗುರುವ ನುಗ್ಗೆ. ಇವುಗಳಲ್ಲಿ ಯಾವುದೂ ವ್ಯರ್ಥವಲ್ಲ, ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಒಲೆಯ ಬೂದಿಯನ್ನು ಅವರೆಯ ಹೇನಿಗೆ ಎರಚುತ್ತಾರೆ. ತರಕಾರಿಯ ಸಿಪ್ಪೆ ತಿಪ್ಪೆಗೆ ಹೋಗಿ ಗೊಬ್ಬರವಾಗಿ ಅದೇ ಗಿಡದ ಬುಡಕ್ಕೆ ಹಿಂದಿರುಗುತ್ತದೆ. ದಂಟಿನ ಸೊಪ್ಪು ಬೆಂದ ನೀರು ಬಸ್ಸಾರಾಗುತ್ತದೆ, ಬಸಿದ ಸೊಪ್ಪು ಪಲ್ಯವಾಗುತ್ತದೆ. ರಾಗಿಮುದ್ದೆಗೆ ಎರಡೂ ಒದಗುತ್ತವೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ್ದು ಹಿತ್ತಿಲನ್ನು ಹಳಿಯುವುದಕ್ಕಲ್ಲ; ಕೈಗೆಟಕುವುದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಎತ್ತಿ ತೋರಿಸುವುದಕ್ಕೆ.

ಬಿಡುವಿನ ದಿನದ ಎರಡನೆಯ ಕಾರ್ಯ ವ್ಯಾಪಾರ. ಹಿಂದೆ ಅದಕ್ಕೆ ಸಂತೆಯೇ ಗತಿ. ಸಂತೆಯಲ್ಲಿ ಕೊಳ್ಳುವವನು ಕಾಯನ್ನು ಮುರಿದು ನೋಡುತ್ತಿದ್ದ, ಕಾಳನ್ನು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದ, ಬೆಲೆಯನ್ನು ಚೌಕಾಸಿ ಮಾಡುತ್ತಿದ್ದ. ದೂರದ ಊರಿನ ಸರಕು ಬೇಕಾದವರಿಗೆ ಅಂಚೆಯ ನೆರವಿತ್ತು. 1877ರಲ್ಲಿ ಆರಂಭವಾದ ವಿ.ಪಿ.ಪಿ. ವ್ಯವಸ್ಥೆಯಲ್ಲಿ ಪುಸ್ತಕವೋ ಔಷಧಿಯೋ ಅಂಚೆಯವನ ಕೈಯಲ್ಲಿ ಮನೆಬಾಗಿಲಿಗೆ ಬರುತ್ತಿತ್ತು. ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಗಿತ್ತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡು ಪ್ರತಿಯೊಂದು ಅಂಚೆ ವಲಯಕ್ಕೂ ಒಂದು ಗುರುತನ್ನು ಕೊಟ್ಟಿತು. ಇಂದಿನ ಆನ್‌ಲೈನ್ ವ್ಯಾಪಾರವು ಈ ಹಳೆಯ ಬೇರುಗಳ ಮೇಲೆಯೇ ಚಿಗುರಿದೆ. ಫ್ಲಿಪ್‌ಕಾರ್ಟ್ ಸಂಸ್ಥೆಯು 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದಲೇ ತನ್ನ ವ್ಯವಹಾರವನ್ನು ಆರಂಭಿಸಿತು. 2016ರಲ್ಲಿ ಯು.ಪಿ.ಐ. ಬಳಕೆಗೆ ಬಂದ ಮೇಲೆ ಹಣ ಸಲ್ಲಿಸುವ ಕಾರ್ಯವೂ ಮೊಬೈಲಿನಲ್ಲೇ ಮುಗಿಯುವಂತಾಯಿತು. ಸರಕು ಪೇಟೆಯಿಂದ ಹಳ್ಳಿಗೆ ಬರುವುದಷ್ಟೇ ಅಲ್ಲ, ಹಳ್ಳಿಯಿಂದಲೂ ಹೊರಡುತ್ತದೆ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬೊಂಬೆಗಳು ಇಂದು ಇದೇ ಮಾರ್ಗವಾಗಿ ದೇಶವಿದೇಶಗಳ ಮನೆಗಳನ್ನು ಸೇರುತ್ತಿವೆ.

ಹಿತ್ತಿಲೂ ಮೊಬೈಲೂ ಒಂದೆಡೆ ಸಂಧಿಸುವ ಒಂದು ಸಣ್ಣ ಪ್ರಸಂಗವನ್ನು ಈ ಸೀಮೆಯ ಯಾವ ಮನೆಯಲ್ಲಾದರೂ ಊಹಿಸಿಕೊಳ್ಳಬಹುದು. ಪ್ರೌಢಶಾಲೆಯ ಹುಡುಗಿಯೊಬ್ಬಳು ಭಾನುವಾರ ಮೊಬೈಲಿನಲ್ಲಿ ಹೀರೆಯ ಬೀಜವನ್ನು ತರಿಸುತ್ತಾಳೆ. ಪೊಟ್ಟಣದ ಮೇಲೆ ತುಂಬುಗಾಯಿಯ ಬಣ್ಣದ ಚಿತ್ರವಿದೆ. ಅಜ್ಜಿ ಅದನ್ನು ತಿರುಗಿಸಿ ನೋಡಿ, “ನಮ್ಮ ಹೀರೆಬೀಜ ಬೂದಿಯೊಳಗೈತಲ್ಲವ್ವ, ಇದಕ್ಯಾಕೆ ದುಡ್ಡು ಕೊಟ್ಟೆ?” ಎನ್ನುತ್ತಾಳೆ. “ಇದ್ರಲ್ಲಿ ಕಾಯಿ ಜಾಸ್ತಿ ಬಿಡ್ತದಂತೆ ಅಜ್ಜಿ” ಎಂಬುದು ಮೊಮ್ಮಗಳ ಉತ್ತರ.

ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡು ಭಿನ್ನ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಸಂಕರಬೀಜವು ಹುಲುಸಾಗಿ ಬೆಳೆದು ಹೆಚ್ಚು ಫಲ ಕೊಡಬಲ್ಲದು. ಆದರೆ ಅದರ ಕಾಯಿಯಿಂದ ಬೀಜ ತೆಗೆದು ಮರುವರ್ಷ ಬಿತ್ತಿದರೆ ಗಿಡಗಳು ತಾಯಿಯಂತೆಯೇ ಬರುವುದಿಲ್ಲ, ಒಂದು ಒಂದರಂತಿರುವುದಿಲ್ಲ. ಹಾಗಾಗಿ ಪ್ರತಿವರ್ಷವೂ ಹೊಸ ಪೊಟ್ಟಣವನ್ನೇ ಕೊಳ್ಳಬೇಕು. ಅಜ್ಜಿಯ ನಾಟಿಬೀಜ ಕಡಮೆ ಕಾಯಿ ಕೊಟ್ಟೀತು; ಆದರೆ ಅದು ಆ ಮಣ್ಣಿಗೆ, ಆ ಮಳೆಗೆ ಒಗ್ಗಿದ ಬೀಜ. ವರ್ಷವರ್ಷವೂ ಚೆನ್ನಾದ ಒಂದು ಕಾಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಬೆರೆಸಿ ಕಾಪಾಡಿದರೆ ಸಾಕು, ಅಂಗಡಿಯ ಹಂಗಿಲ್ಲ. ಹುಡುಗಿಯು ಎರಡು ಸಾಲಿನಲ್ಲಿ ಎರಡನ್ನೂ ಬಿತ್ತಿ ಹೋಲಿಸಿ ನೋಡಿದರೆ ಅದೇ ಒಂದು ವಿಜ್ಞಾನಪಾಠವಾಗುತ್ತದೆ. ಪೊಟ್ಟಣದ ಮೇಲೆ ಮೊದಲು ಓದಬೇಕಾದುದು ಚಿತ್ರವನ್ನಲ್ಲ. ಮೊಳೆಯುವ ಪ್ರಮಾಣವೆಷ್ಟು, ಬಳಸಲು ಕೊನೆಯ ದಿನಾಂಕ ಯಾವುದು ಎಂಬುದನ್ನು.

ಇದೇ ಎಚ್ಚರ ಎಲ್ಲ ಖರೀದಿಗೂ ಸಲ್ಲುತ್ತದೆ. ಸಂತೆಯಲ್ಲಿ ಕಣ್ಣು ಕೈ ಮೂಗುಗಳಿಂದ ಪರೀಕ್ಷಿಸುತ್ತಿದ್ದ ಗ್ರಾಹಕನಿಗೆ ಇಲ್ಲಿ ಚಿತ್ರವೊಂದೇ ಆಧಾರ. ಆದ್ದರಿಂದಲೇ ಕಾನೂನು ಅವನ ನೆರವಿಗೆ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರಲ್ಲಿ ಜಾರಿಗೆ ಬಂದಿತು. ಅದು ಆನ್‌ಲೈನ್ ಖರೀದಿಯನ್ನೂ ಒಳಗೊಂಡಿದೆ. ವಂಚನೆಗೊಳಗಾದವನು ತಾನು ವಾಸಿಸುವ ಸ್ಥಳದ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಸಲಹೆಗೆ 1915, ಹಣದ ಮೋಸವಾದರೆ 1930 ಎಂಬ ದೂರವಾಣಿ ಸಂಖ್ಯೆಗಳಿವೆ. ಆದರೆ ಬೇಡದ ವಸ್ತುವನ್ನು ಕೊಂಡವನಿಗೆ ಯಾವ ಕಾನೂನೂ ನೆರವಾಗದು. ಸಂತೆಗೆ ಹೋದವನು ಜೇಬು ಬರಿದಾದೊಡನೆ ಹಿಂದಿರುಗುತ್ತಿದ್ದ. ಮೊಬೈಲಿನ ಸಂತೆಗೆ ರಾತ್ರಿಯಿಲ್ಲ, ಕಂತಿನ ಸಾಲಕ್ಕೆ ಕೊರತೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಿಂದೆಂದಿಗಿಂತಲೂ ಇಂದು ಅಗತ್ಯ.

ಬಿಡುವಿನ ಮೂರನೆಯ ಮುಖ ವಿನೋದ. ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದು ಕವಡೆಯುರುಳಿಸುವುದು, ಹುಣಿಸೆಬೀಜ ಹಾಕಿ ಅಳಗುಳಿಮಣೆಯಾಡುವುದು ಹಿಂದೆ ಮನೆಮನೆಯ ನೋಟ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರವೇ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಪರಿಚಯಿಸಿತು. ಮುಂದೆ ಒಂದು ರೇಡಿಯೋದ ಸುತ್ತ ಹತ್ತು ಮಂದಿ ಕುಳಿತು ಕೇಳುವ ಕಾಲ ಬಂದಿತು. ಈಗ ಹತ್ತು ಮಂದಿಯ ಕೈಯಲ್ಲಿ ಹತ್ತು ಮೊಬೈಲುಗಳಿವೆ. ಮನರಂಜನೆ ಹೆಚ್ಚಿತು; ಕೂಡಿ ನಗುವ ಸಂದರ್ಭ ಕಡಮೆಯಾಯಿತು.

ಇಷ್ಟೆಲ್ಲ ಬಿಡುವಿನ ನಡುವೆ ಬಿಡುವಿಲ್ಲದವರು ಇಬ್ಬರಿದ್ದಾರೆ. ಮೊದಲನೆಯವಳು ಮನೆಯ ಗೃಹಿಣಿ. ರಜೆಯ ದಿನ ಮನೆಯಲ್ಲಿ ಎಲ್ಲರೂ ಇರುವುದರಿಂದ ಅವಳಿಗೆ ಮುದ್ದೆ ಹೆಚ್ಚು, ಪಾತ್ರೆ ಹೆಚ್ಚು, ಬಟ್ಟೆಯ ರಾಶಿ ಹೆಚ್ಚು. 2024ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸಿದರೆ ಗಂಡಸರು ವ್ಯಯಿಸುವುದು 88 ನಿಮಿಷಗಳನ್ನು. ಎರಡನೆಯವನು, ಮೊಬೈಲಿನಲ್ಲಿ ಕೊಂಡ ಸರಕನ್ನು ಹೊತ್ತು ಬಾಗಿಲಿಗೆ ಬರುವ ಯುವಕ. ಊರಿನ ರಜೆಯೇ ಅವನ ದುಡಿಮೆಯ ದಿನ. ಇಂಥವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾನೂನನ್ನು ರೂಪಿಸಿ, ಕಲ್ಯಾಣ ಮಂಡಲಿಗೆ ಅವಕಾಶ ಕಲ್ಪಿಸಿದೆ. ಗೃಹಿಣಿಯ ದುಡಿಮೆಯನ್ನು ಹಗುರಗೊಳಿಸಲು ಸರ್ಕಾರ ಬರಬೇಕಾಗಿಲ್ಲ. ಸೊಪ್ಪು ಬಿಡಿಸಲು, ನೀರು ಸೇದಲು, ಉಂಡ ತಟ್ಟೆಯನ್ನು ತೊಳೆದಿಡಲು ಮನೆಯ ಗಂಡುಮಕ್ಕಳ ಕೈಗಳು ಸಾಕು.

ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ತುಂಬಿದ ನೀರು ಹೊರಹರಿಯಲು ಕೋಡಿಯಿಲ್ಲದಿದ್ದರೆ ಏರಿಯೇ ಒಡೆಯುತ್ತದೆ. ಬಾಳಿನ ದುಡಿಮೆಗೆ ಬಿಡುವೇ ಕೋಡಿ. ಆದರೆ ಕೋಡಿಯ ನೀರು ಒಬ್ಬನ ಗದ್ದೆಗೆ ಮಾತ್ರ ಹರಿದರೆ ಊರಿಗೆ ಹಿತವಾಗದು. ಒಬ್ಬರ ಬಿಡುವು ಇನ್ನೊಬ್ಬರ ಹೆಗಲ ಹೊರೆಯಾಗದಂತೆ ಹಂಚಿಕೊಂಡಾಗ ಮಾತ್ರ ಭಾನುವಾರವು ಇಡೀ ಮನೆಯ ಭಾನುವಾರವಾಗುತ್ತದೆ.

ಶಬ್ದಾರ್ಥ

ಮೇರೆ – ಎಲ್ಲೆ, ಮಿತಿ
ಚಂದ್ರಿಕೆ – ರೇಷ್ಮೆಹುಳು ಗೂಡು ಕಟ್ಟಲು ಬಳಸುವ ಬಿದಿರಿನ ತಟ್ಟೆ
ಹಂಬು – ಬಳ್ಳಿ
ಚೌಕಾಸಿ – ಬೆಲೆ ತಗ್ಗಿಸಲು ಮಾಡುವ ಚರ್ಚೆ
ಹುರುಳು – ಸತ್ತ್ವ, ಸಾರ
ಹಂಗು – ಋಣ, ಅಧೀನತೆ
ಕೋಡಿ – ಕೆರೆಯ ಹೆಚ್ಚಿನ ನೀರು ಹೊರಹರಿಯುವ ದಾರಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಎಂದು ದೊರೆಯಿತು?
2. ರೇಷ್ಮೆ ಸಾಕುವವರು ‘ಜ್ವರ’ ಎಂದು ಯಾವುದನ್ನು ಕರೆಯುತ್ತಾರೆ?
3. ಪಿನ್‌ಕೋಡು ಯಾವಾಗ ಜಾರಿಗೆ ಬಂದಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿತ್ತಿಲಿನಲ್ಲಿ ಯಾವುದೂ ವ್ಯರ್ಥವಲ್ಲವೆಂಬುದನ್ನು ಉದಾಹರಣೆಗಳಿಂದ ತಿಳಿಸಿರಿ.
2. ಸಂಕರಬೀಜಕ್ಕೂ ನಾಟಿಬೀಜಕ್ಕೂ ಇರುವ ವ್ಯತ್ಯಾಸವೇನು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಬಿಡುವಿನ ನಡುವೆ ಬಿಡುವಿಲ್ಲದವರು’ ಯಾರು? ಅವರ ಸ್ಥಿತಿಯನ್ನು ವಿವರಿಸಿರಿ.

ಈ) ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ.
ವಾರಕ್ಕೊಂದು, ಚಪ್ಪರದವರೆ, ಸೂರ್ಯೋದಯ, ಬೆಲೆಯನ್ನು

ಉ) ಚಟುವಟಿಕೆ
ಒಂದು ಭಾನುವಾರ ನಿಮ್ಮ ಮನೆಯಲ್ಲಿ ಯಾರು ಯಾರು ಎಷ್ಟು ಹೊತ್ತು ಮನೆಗೆಲಸ ಮಾಡಿದರೆಂಬುದನ್ನು ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿರಿ.