ಬಾಯಿಯ ಒಳಪೊರೆ ಮತ್ತು ಅದರ ಸೂಕ್ಷ್ಮ ರಚನೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯು ಹೇಳುವ ಎರಡು ಕಾರ್ಯಗಳೂ ಬಾಯಿಗೆ ಸೇರಿದವು. ಬಿಸಿ, ಖಾರ, ಹುಳಿ, ಒರಟು ಪದಾರ್ಥಗಳೆಲ್ಲವೂ ಮೊದಲು ಸ್ಪರ್ಶಿಸುವುದು ಬಾಯಿಯ ಒಳಪೊರೆಯನ್ನು. ಹಲ್ಲುಗಳ ಬಗ್ಗೆ ಕಾಳಜಿ ವಹಿಸುವವರೂ ಈ ಪೊರೆಯತ್ತ ಗಮನ ಹರಿಸುವುದು ಕಡಿಮೆ. ಅದರ ರಚನೆಯನ್ನು ಸ್ವಲ್ಪಮಟ್ಟಿಗೆ ತಿಳಿದುಕೊಂಡರೆ, ಬಾಯಿಯ ಕ್ಯಾನ್ಸರಿನ ಮುನ್ಸೂಚನೆಗಳನ್ನು ಸಕಾಲದಲ್ಲಿ ಗುರುತಿಸಲು ಸಾಧ್ಯ.

ಒಳಪೊರೆಯ ತೆಳುವಾದ ಪದರವನ್ನು ಕತ್ತರಿಸಿ, ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಅದರಲ್ಲಿ ಎರಡು ಸ್ತರಗಳು ಕಾಣುತ್ತವೆ. ಮೇಲಿನದು ಜೀವಕೋಶಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುವ ಹೊದಿಕೆಯ ಅಂಗಾಂಶ. ಕೆಳಗಿನದು ನಾರುಗಳು, ರಕ್ತನಾಳಗಳು ಹಾಗೂ ನರಗಳಿಂದ ಕೂಡಿದ ಸಂಯೋಜಕ ಅಂಗಾಂಶ. ಇವೆರಡರ ಮಧ್ಯೆ ತಳಪೊರೆ ಎಂಬ ಅತಿ ತೆಳುವಾದ ಗಡಿಯಿದೆ. ಈ ಗಡಿಗೆ ತಾಗಿಕೊಂಡಿರುವ ಕೋಶಗಳು ವಿಭಜನೆ ಹೊಂದಿ, ಮೇಲೇರುತ್ತಾ ಚಪ್ಪಟೆಯಾಗಿ, ಕೊನೆಗೆ ಉದುರಿಹೋಗುತ್ತವೆ. ಕೆನ್ನೆಯ ಒಳಭಾಗದಲ್ಲಿ ಸುಮಾರು ಎರಡು ವಾರಗಳಲ್ಲಿ ಹೊದಿಕೆ ಹೊಸದಾಗುತ್ತದೆ. ಊಟದ ವೇಳೆ ಕೆನ್ನೆಯನ್ನು ಕಚ್ಚಿಕೊಂಡ ಗಾಯವು ಬೇಗನೆ ಮಾಯುವುದಕ್ಕೆ ಇದೊಂದು ಮುಖ್ಯ ಕಾರಣ.

ಒಳಪೊರೆಯು ಬಾಯಿಯ ಎಲ್ಲೆಡೆ ಒಂದೇ ತೆರನಾಗಿಲ್ಲ. ಅಗಿಯುವಾಗ ಒತ್ತಡವನ್ನು ತಾಳಬೇಕಾದ ವಸಡು ಮತ್ತು ಗಟ್ಟಿ ಅಂಗುಳಗಳ ಮೇಲೆ ಕೆರಾಟಿನ್ ಎಂಬ ಬಿರುಸಾದ ವಸ್ತುವಿನ ರಕ್ಷಣೆಯಿದೆ. ಉಗುರು, ಕೂದಲುಗಳಲ್ಲಿರುವುದೂ ಇದೇ ಜಾತಿಯ ವಸ್ತು. ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಮೃದು ಅಂಗುಳಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆಯಿಲ್ಲ. ಅವು ಮೃದುವಾಗಿ ಹಿಗ್ಗಬಲ್ಲವು. ದುರದೃಷ್ಟವಶಾತ್, ತಂಬಾಕು, ಎಲೆಯಡಿಕೆಗಳನ್ನು ಗಂಟೆಗಟ್ಟಲೆ ಒತ್ತಿಟ್ಟುಕೊಳ್ಳುವುದು ಈ ಮೃದು ಕೆನ್ನೆಯ ಸಂದಿಯಲ್ಲಿಯೇ.

ನಿರಂತರ ಕೆರಳಿಕೆಗೆ ಒಳಗಾದ ಕೆನ್ನೆಯು ತನಗೆ ಸಹಜವಲ್ಲದ ಕೆರಾಟಿನನ್ನು ಉತ್ಪಾದಿಸತೊಡಗುತ್ತದೆ. ಜೊಲ್ಲಿನಲ್ಲಿ ನೆನೆದ ಆ ಪದರವು ಒರೆಸಿದರೂ ಹೋಗದ ಬಿಳಿಯ ಮಚ್ಚೆಯಾಗಿ ಕಾಣುತ್ತದೆ. ಇಂತಹ ಮಚ್ಚೆಗಳೆಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕೆಲವದರಲ್ಲಿ ತಳದ ಕೋಶಗಳು ಆಕಾರ, ಗಾತ್ರ, ಕ್ರಮಗಳನ್ನು ಕಳೆದುಕೊಳ್ಳುತ್ತವೆ. ಅಂತಹ ಕೋಶಗಳು ತಳಪೊರೆಯನ್ನು ಭೇದಿಸಿ ಕೆಳಗಿಳಿದಾಗ ಅದು ಕ್ಯಾನ್ಸರ್ ಎನಿಸುತ್ತದೆ. ಅಲ್ಲಿಂದ ಕುತ್ತಿಗೆಯ ಗ್ರಂಥಿಗಳಿಗೆ ಹರಡಲು ಅದಕ್ಕೆ ದಾರಿಯಾಗುತ್ತದೆ.

ಈ ವಿಷಯದ ಅಧ್ಯಯನದಲ್ಲಿ ಮುಂಬಯಿ ನಗರಕ್ಕೆ ವಿಶೇಷ ಸ್ಥಾನವಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಡಾ. ಫಲಿ ಮೆಹ್ತಾ ಅವರ ನೇತೃತ್ವದ ದಂತ ಸಂಶೋಧನಾ ವಿಭಾಗವು, ಡೆನ್ಮಾರ್ಕಿನ ವಿಜ್ಞಾನಿ ಪಿಂಡ್‌ಬೋರ್ಗ್ ಅವರ ಸಹಯೋಗದಲ್ಲಿ ದೇಶದ 50,915 ಗ್ರಾಮಸ್ಥರ ಬಾಯಿಯನ್ನು ಪರೀಕ್ಷಿಸಿ 1969ರಲ್ಲಿ ವರದಿಯನ್ನು ಪ್ರಕಟಿಸಿತು. ಅಡಿಕೆಯಿಂದ ಬರುವ ಮತ್ತೊಂದು ವ್ಯಾಧಿಯನ್ನೂ ಈ ತಂಡವು ದೀರ್ಘಕಾಲ ಪರಿಶೀಲಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಮತ್ತು ತಾಮ್ರದ ಅಂಶಗಳು ಒಳಪೊರೆಯ ಕೆಳಸ್ತರದಲ್ಲಿ ಕೊಲಾಜೆನ್ ನಾರುಗಳನ್ನು ಹೆಚ್ಚಿಸಿ ಬಿಗಿಗೊಳಿಸುತ್ತವೆ. ಕ್ರಮೇಣ ಖಾರ ತಾಳದಂತಾಗಿ, ಕೆನ್ನೆ ಬಿಳಿಚಿ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ವ್ಯಾಧಿಯುಳ್ಳ 66 ಮಂದಿಯನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ ಶೇಕಡ 7.6ರಷ್ಟು ಜನರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತೆಂದು 1985ರಲ್ಲಿ ವರದಿಯಾಯಿತು.

ಕರಾವಳಿ, ಮಲೆನಾಡುಗಳಿಂದ ಮುಂಬಯಿಗೆ ಬಂದ ಕನ್ನಡಿಗರಿಗೆ ಅಡಿಕೆಯು ಊರಿನ ಬೆಳೆ. ತಾಂಬೂಲವು ಶುಭಕಾರ್ಯಗಳ ಗೌರವ. ಹೀಗಾಗಿ ‘ತಂಬಾಕಿಲ್ಲದ ಅಡಿಕೆಯಿಂದ ತೊಂದರೆಯಿಲ್ಲ’ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ಸಂಪುಟದಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಮಹಾರಾಷ್ಟ್ರ ಸರ್ಕಾರವು 2012ರಲ್ಲಿ ಗುಟ್ಕಾ ಮಾರಾಟವನ್ನು ನಿಷೇಧಿಸಿತಾದರೂ, ಚಟವನ್ನು ಬಿಡಬೇಕಾದವರು ಜನರೇ.

ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ, ಕನ್ನಡಿಯ ಮುಂದೆ ಕೆನ್ನೆಗಳ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿಭಾಗಗಳನ್ನು ನೋಡಿಕೊಳ್ಳಬೇಕು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಬಾರದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಹುಣ್ಣು ಎರಡು ವಾರಗಳಾದರೂ ಮಾಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲದೆ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ದಂತ ವೈದ್ಯಕೀಯ ಕಾಲೇಜಿನಲ್ಲಿಯೂ ತಪಾಸಣೆಗೆ ಅನುಕೂಲವಿದೆ. ಅಗತ್ಯವೆನಿಸಿದರೆ ವೈದ್ಯರು ಅಂಗಾಂಶದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದಕ್ಕೆ ಅಂಜಬೇಕಾಗಿಲ್ಲ. ಕೋಶಗಳು ತಳಪೊರೆಯ ಗಡಿಯನ್ನು ದಾಟುವ ಮುನ್ನವೇ ರೋಗವನ್ನು ತಡೆಯಲು ಆ ತುಣುಕಿನ ಪರೀಕ್ಷೆಯೇ ದಾರಿ ತೋರಿಸುತ್ತದೆ.